ಗರಡಿಯೂ ಊನಾಂಗ ಸಿಪಾಯಿಯೂ

ಮಂಗಳೂರಿನ ಕಂಕನಾಡಿಯಲ್ಲಿರುವ ಬೈದರ್ಕಳ ಗರಡಿಯನ್ನು ಇಂದು ಜನರು ದೈವಸ್ಥಾನವೆಂದೇ ಬಲ್ಲರು. ಆದರೆ ಗರಡಿಯೆಂಬ ಮಾತಿನ ರೂಢಾರ್ಥವು ಅಂಗಸಾಧನೆಯ ಮನೆ, ಆಯುಧವಿದ್ಯೆಯ ಶಾಲೆ ಎಂಬುದಾಗಿದೆ. ಕಾಳಗದಲ್ಲಿ ಅಂಗವನ್ನು ಕಳೆದುಕೊಂಡು ಹಿಂದಿರುಗಿದ ಯೋಧನಿಗೆ ಇಂತಹ ಶಾಲೆಯಲ್ಲಿ ಸ್ಥಾನವಿದ್ದಿತೆ ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಹೆಚ್ಚಾಗಿ ಎತ್ತಿದಂತಿಲ್ಲ.

ಕನ್ನಡನಾಡಿನ ಶಾಸನಗಳು ಮಡಿದವನನ್ನು ಮರೆಯಲಿಲ್ಲ. ಅವನಿಗೆ ವೀರಗಲ್ಲು ನೆಟ್ಟರು. ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನಿತ್ತರು. ಕೈಯೋ ಕಾಲೋ ಹೋಗಿ ಬದುಕುಳಿದವನ ಚಿತ್ರವು ಆ ಕಲ್ಲುಗಳಲ್ಲಿ ದೊರೆಯುವುದು ವಿರಳ. ಅವನ ಆರೈಕೆಯ ಸುಳಿವನ್ನು ಬೇರೆಡೆ ಅರಸಬೇಕು. ಮೈಸೂರಿನ ಜಟ್ಟಿಗಳು ಮಲ್ಲರಾಗಿದ್ದಂತೆಯೇ ಮುರಿದ ಎಲುಬನ್ನು ಕೂಡಿಸುವುದರಲ್ಲಿಯೂ ಹೆಸರಾದವರು. ತುಳುನಾಡಿನ ತೆಂಕಣ ಎಲ್ಲೆಯ ಕಳರಿಗಳಲ್ಲಿ ವಿದ್ಯೆ ಕಲಿಸುವ ಗುರುಕ್ಕಳೇ ಎಣ್ಣೆ ತಿಕ್ಕಿ ಮರ್ಮಚಿಕಿತ್ಸೆ ಮಾಡುವವರು. ಸಾಧನೆಯೂ ಚಿಕಿತ್ಸೆಯೂ ಒಂದೇ ಕೈಯಲ್ಲಿದ್ದವೆಂಬುದು ಇವೆರಡರಿಂದಲೂ ವಿದಿತವಾಗುತ್ತದೆ.

ಹೊಸಕಾಲದ ಸೈನ್ಯಗಳಲ್ಲಿ ಈ ಎರಡೂ ಬೇರ್ಪಟ್ಟುವು. ಗಾಯಾಳು ಆಸ್ಪತ್ರೆಗೆ ಸೇರಿದವನು, ಕವಾಯಿತಿನ ಬಯಲು ಆರೋಗ್ಯವಂತರದು ಎಂದಾಯಿತು. ಒಂದನೆಯ ಮಹಾಯುದ್ಧದ ಊನಾಂಗ ಸಿಪಾಯಿಗಳಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮುಂದೆ ಖಡಕಿಗೆ ಹೋದ ಕ್ವೀನ್ ಮೇರೀಸ್ ಟೆಕ್ನಿಕಲ್ ಸ್ಕೂಲು ಕಸುಬನ್ನು ಕಲಿಸಿತು. ಹೊಟ್ಟೆಪಾಡಿಗೆ ಅದು ದೊಡ್ಡ ಉಪಕಾರವೇ ಸರಿ. ಆದರೂ ಸಿಪಾಯಿಯ ದೇಹವು ಇನ್ನು ಸಾಧನೆಗೆ ಒದಗದೆಂಬ ತೀರ್ಮಾನವು ಅದರ ಹಿಂದೆ ಅಡಗಿತ್ತೆಂದು ನಮಗೆ ತೋರುತ್ತದೆ.

ಆ ತೀರ್ಮಾನವನ್ನು ಅಲುಗಿಸಿದುದು 1944. ಆ ವರ್ಷ ಪುಣೆಯಲ್ಲಿ ಸೈನ್ಯದ ಕೃತಕಾಂಗ ಕೇಂದ್ರವು ಆರಂಭವಾಯಿತು. ಆ ವರ್ಷವೇ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಡಾ. ಲುಡ್ವಿಗ್ ಗುಟ್‌ಮನ್ನರು ಬೆನ್ನುಹುರಿಗೆ ಪೆಟ್ಟುಬಿದ್ದ ಸೈನಿಕರ ವಾರ್ಡನ್ನು ತೆರೆದರು. ಅಂತಹವರು ಅದುವರೆಗೆ ಹಾಸಿಗೆಹುಣ್ಣಿನಿಂದಲೂ ಮೂತ್ರಕೋಶದ ಸೋಂಕಿನಿಂದಲೂ ಬೇಗನೆ ಸಾಯುತ್ತಿದ್ದರು. ಗುಟ್‌ಮನ್ನರು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲನ್ನು ತಿರುಗಿಸಿಸಿದರು. ಬಳಿಕ ಕೈಗೆ ಬಿಲ್ಲನ್ನು ಕೊಟ್ಟರು. ಇದು ಬರಿಯ ವಿನೋದವಲ್ಲ. ಬೆನ್ನಿನ ಅಗಲವಾದ ಸ್ನಾಯುವೊಂದು ಕತ್ತಿನ ನರಗಳಿಂದ ಚಾಲನೆ ಪಡೆದು ಸೊಂಟದ ಎಲುಬಿನವರೆಗೂ ಹಬ್ಬಿದೆ. ಎದೆಯ ಮಟ್ಟದಲ್ಲಿ ಬೆನ್ನುಹುರಿ ಕಡಿದರೂ ಆ ಸ್ನಾಯುವು ಜೀವಂತವಾಗಿರುವುದು. ಬಿಲ್ಲನ್ನೆಳೆದು ಅದನ್ನು ಬಲಪಡಿಸಿಕೊಂಡವನು ಕಾಲಿನ ಸ್ಪರ್ಶವಿಲ್ಲದೆಯೂ ನೆಟ್ಟಗೆ ಕುಳಿತುಕೊಳ್ಳಬಲ್ಲನು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಅಲ್ಲಿ 16 ಮಂದಿ ಮಾಜಿ ಯೋಧರು ಬಿಲ್ವಿದ್ಯೆಯಲ್ಲಿ ಸ್ಪರ್ಧಿಸಿದರು; ಅವರಲ್ಲಿ ಸ್ತ್ರೀಯರೂ ಇದ್ದರು. ಜಟ್ಟಿಯು ಇದನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲವೆಂದು ಊಹಿಸಬಹುದು.

ಭಾರತದಲ್ಲಿ ಇದರ ಫಲವು ಕಂಡುದು ಮುರಳಿಕಾಂತ ಪೇಟ್ಕರರಲ್ಲಿ. ಸೈನ್ಯದ ಇ.ಎಂ.ಇ. ದಳದ ಮುಷ್ಟಿಮಲ್ಲರಾದ ಅವರು 1965ರ ಯುದ್ಧದಲ್ಲಿ ಗುಂಡೇಟಿಗೆ ಗುರಿಯಾಗಿ ಸೊಂಟದ ಕೆಳಗೆ ಶಕ್ತಿಗುಂದಿದರು. ಚಿಕಿತ್ಸೆಯೆಂದು ಹಿಡಿದ ಈಜೇ ಅವರ ವಿದ್ಯೆಯಾಯಿತು. 1972ರಲ್ಲಿ ಹೈಡಲ್‌ಬರ್ಗಿನ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರನ್ನು 37.33 ಸೆಕೆಂಡುಗಳಲ್ಲಿ ಈಜಿ ಚಿನ್ನ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಇದು ಮೊದಲನೆಯ ಚಿನ್ನ. ಪದ್ಮಶ್ರೀ ಅವರನ್ನು ತಲುಪಿದುದು 2018ರಲ್ಲಿ. ನಡುವೆ 46 ವರ್ಷಗಳು ಕಳೆದಿದ್ದುವು.

ಕನ್ನಡನಾಡಿನಲ್ಲಿಯೂ ಈ ಪರಂಪರೆಗೆ ನೆಲೆಯುಂಟು. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಸಿರುವ ಮದ್ರಾಸ್ ಸ್ಯಾಪರ್ಸ್ ದಳದ ಆನಂದನ್ ಗುಣಶೇಖರನ್ 2008ರಲ್ಲಿ ಕಾಶ್ಮೀರದ ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲನ್ನು ಕಳೆದುಕೊಂಡರು. ಕೃತಕ ಕಾಲಿನ ಮೇಲೆ ಮೊದಲು ನಡೆಯಲೂ ಮತ್ತೆ ಓಡಲೂ ಕಲಿತ ಅವರು 2019ರ ವುಹಾನ್ ವಿಶ್ವ ಸೈನಿಕ ಕ್ರೀಡೆಗಳಲ್ಲಿ ಚಿನ್ನ ಪಡೆದರು.

ಸೈನ್ಯವು ಊನಾಂಗ ಯೋಧರ ಕ್ರೀಡಾಭ್ಯಾಸಕ್ಕೆಂದೇ ಪ್ಯಾರಾಲಿಂಪಿಕ್ ನೋಡ್ ಎಂಬ ಶಾಲೆಯನ್ನು ತೆರೆದುದು 2017ರಲ್ಲಿ, ಕ್ವೀನ್ ಮೇರಿ ಶಾಲೆಯು ನೆಲೆಗೊಂಡಿದ್ದ ಅದೇ ಖಡಕಿಯಲ್ಲಿ. ಅಲ್ಲಿ ಪಳಗಿದ ಹೊಕಾಟೊ ಸೇಮಾ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಗುಂಡನ್ನು 14.65 ಮೀಟರ್ ಎಸೆದು ಕಂಚನ್ನು ಗೆದ್ದರು. 2002ರಲ್ಲಿ ನೆಲಬಾಂಬಿಗೆ ಅವರ ಒಂದು ಕಾಲು ಬಲಿಯಾಗಿತ್ತು.