ಕರಾವಳಿಯ ಹಬ್ಬದ ಮನೆಗಳಲ್ಲಿ ಇಸ್ಪೀಟು: ಶಬ್ದಗಳ ಸಾಕ್ಷ್ಯ

ಕುಮಟಾ, ಹೊನ್ನಾವರ, ಭಟ್ಕಳಗಳ ಕಡೆ ಚೌತಿಗೋ ದೀಪಾವಳಿಗೋ ಬಂಧುಗಳು ಮೂಲಮನೆಯಲ್ಲಿ ಕೂಡಿದಾಗ, ಪೂಜೆ ಊಟಗಳಾದ ಮೇಲೆ ಜಗಲಿಯಲ್ಲಿ ಚಾಪೆ ಹಾಸಿ ಇಸ್ಪೀಟಿನ ಕಟ್ಟನ್ನು ಬಿಚ್ಚುವುದು ಅನೇಕ ಮನೆಗಳ ರೂಢಿ. ಹಿರಿಯರು ಇಪ್ಪತ್ತೆಂಟಕ್ಕೆ ಕೂರುತ್ತಾರೆ. ಮಕ್ಕಳಿಗೆ ಕತ್ತೆಯಾಟವೇ ಸಾಕು. ಇಂಥ ಗೃಹವಿನೋದಗಳ ವಿಷಯದಲ್ಲಿ ಶಾಸನಗಳೂ ಕಾಗದಪತ್ರಗಳೂ ಬಹುಮಟ್ಟಿಗೆ ಮೌನವಾಗಿರುವುದರಿಂದ, ಆಟಗಾರರ ಬಾಯಲ್ಲಿ ಉಳಿದಿರುವ ಮಾತುಗಳೇ ಇತಿಹಾಸಕಾರನಿಗೆ ಆಧಾರ. ಇಸ್ಪೀಟು ಆಂಗ್ಲರ ಆಳಿಕೆಯೊಡನೆ ಬಂದ ಆಟವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಎಲೆಗಳ ಹೆಸರುಗಳು ಮಾತ್ರ ಬೇರೊಂದು ಕಥೆಯನ್ನು ಹೇಳುತ್ತವೆ.

ಹಬ್ಬಕ್ಕೂ ಆಟಕ್ಕೂ ಇರುವ ನಂಟು ಎಲೆಗಳಿಗಿಂತ ಹಳೆಯದು. ಕಾರ್ತಿಕ ಶುದ್ಧ ಪ್ರತಿಪದೆಯನ್ನು, ಎಂದರೆ ಬಲಿಪಾಡ್ಯಮಿಯನ್ನು, ಧರ್ಮಶಾಸ್ತ್ರ ನಿಬಂಧಗಳು ದ್ಯೂತಪ್ರತಿಪದೆಯೆಂದೂ ಕರೆಯುತ್ತವೆ. ಆ ದಿನ ಪಾರ್ವತಿಯು ಶಂಕರನನ್ನು ಪಗಡೆಯಲ್ಲಿ ಸೋಲಿಸಿದಳೆಂಬುದು ಅದಕ್ಕೆ ಹೇಳುವ ಕಥೆ. ದಾಳವಿದ್ದ ಸ್ಥಳಕ್ಕೆ ಎಲೆ ಬಂದು ಕುಳಿತಿತೆನ್ನಬೇಕು.

ಎಲೆಯಾಟವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಗಂಜೀಫಾ. ಬಾಬರನು 1527ರಲ್ಲಿ ಸಿಂಧದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದಕ್ಕೆ ವಿಶೇಷ ಪೋಷಣೆಯಿತ್ತರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇದರ ಹಲವು ಬಗೆಗಳು ವರ್ಣಿತವಾಗಿವೆ. ಗೋವೆಯ ಉತ್ತರಕ್ಕಿರುವ ಸಾವಂತವಾಡಿಯಲ್ಲಿ ಮೆರುಗೆಣ್ಣೆ ಬಳಿದ ದುಂಡು ಎಲೆಗಳು ತಯಾರಾಗುತ್ತಿದ್ದವು. ದಶಾವತಾರ ಗಂಜೀಫಾದಲ್ಲಿ ಹತ್ತು ಪಂಗಡ, ಪಂಗಡಕ್ಕೆ ಹನ್ನೆರಡರಂತೆ 120 ಎಲೆ. ಹಗಲಿನಲ್ಲಿ ಆಟ ರಾಮನಿಂದ ಆರಂಭ, ರಾತ್ರಿ ಕೃಷ್ಣನಿಂದ. ಅಲ್ಲಿ ರಾಜನೂ ಮಂತ್ರಿಯೂ ಉಂಟು, ರಾಣಿಯಿಲ್ಲ, ಗುಲಾಮನಿಲ್ಲ. ಜಗಲಿಯ ಇಸ್ಪೀಟು ಈ ಆಸ್ಥಾನವಿನೋದದ ಸಂತತಿಯಲ್ಲವೆಂಬುದು ಇಷ್ಟರಿಂದಲೇ ಸ್ಪಷ್ಟ.

ಈಗ ಇಸ್ಪೀಟಿನ ನಾಲ್ಕು ಬಣ್ಣಗಳ ಕನ್ನಡ ಹೆಸರುಗಳನ್ನು ನೋಡೋಣ: ಇಸ್ಪೀಟು, ಆಟೀನು, ಕಳಾವರ, ಡೈಮನ್. ಕಡೆಯದು ಇಂಗ್ಲಿಷು, ಅದರಲ್ಲಿ ಸಂದೇಹವಿಲ್ಲ. ಮೊದಲನೆಯದನ್ನು ಪೋರ್ತುಗೀಸರ ‘ಎಸ್ಪಾದ’ದೊಡನೆ ಹೊಂದಿಸಬಹುದು. ಆದರೆ ‘ಸ್ಕೂಲು’ ‘ಇಸ್ಕೂಲು’ ಆಗುವ ನಾಡಿನಲ್ಲಿ ಆದಿಯ ಇಕಾರವೊಂದನ್ನೇ ನಂಬಿ ತೀರ್ಮಾನಿಸುವುದು ಸಾಹಸವಾದೀತು. ನಡುವಿನ ಎರಡು ಶಬ್ದಗಳಿಗೇ ಹೆಚ್ಚಿನ ತೂಕ. ಡಚ್ಚರ ‘ಕ್ಲಾವರ್’ ನಮ್ಮ ಕಳಾವರ. ಅವರ ‘ಹಾರ್ಟನ್’ ನಮ್ಮ ಆಟೀನು. ಇಂಗ್ಲಿಷಿನ ‘ಕ್ಲಬ್’ ಎಂಬುದರಿಂದ ಕಳಾವರವನ್ನು ಯಾವ ಧ್ವನಿನಿಯಮದಿಂದಲೂ ಸಾಧಿಸಲಾಗದು. ಪತ್ರಿಕೆಗಳ ರಾಜಕೀಯ ಅಂಕಣಗಳವರೆಗೂ ಹೋಗಿರುವ ‘ತುರುಪಿನ ಎಲೆ’ಯ ತುರುಪೂ ಡಚ್ಚರ ‘ತ್ರೂಫ್’ ಎಂಬುದಕ್ಕೆ ಹತ್ತಿರ.

ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಶಬ್ದಗಳು ಮರಾಠಿಯ ಮೂಲಕ ಬಂದಿರಬಾರದೇಕೆ ಎಂದು ಆಕ್ಷೇಪಿಸಬಹುದು. ಮರಾಠಿಯಲ್ಲಿ ಕಳಾವರಕ್ಕೆ ‘ಕಿಲವರ’ ಎಂಬುದೇನೋ ನಿಜ. ಆದರೆ ಆಟೀನಿಗೆ ಅಲ್ಲಿ ‘ಬದಾಮ’, ಡೈಮನ್‌ಗೆ ‘ಚೌಕಟ’. ಆಟೀನಿನ ನೆಂಟರು ದಕ್ಷಿಣದಲ್ಲಿದ್ದಾರೆ, ತಮಿಳಿನಲ್ಲಿಯೂ ಅದಕ್ಕಿಂತ ಸ್ಫುಟವಾಗಿ ಸಿಂಹಳದಲ್ಲಿಯೂ. ಸಿಂಹಳದಲ್ಲಿ ನಾಲ್ಕೂ ಬಣ್ಣಗಳು ಡಚ್ಚರವೇ: ಇಸ್ಕೋಪ್ಪ, ಹಾರತ, ಕಲಾಬರ, ರುಯಿತ. ಅಲ್ಲಿಯ ಕರಾವಳಿ 1796ರವರೆಗೆ ಡಚ್ಚರ ಆಳಿಕೆಯಲ್ಲಿತ್ತು. ಅವರು ಆಳಿದ ಕಡೆ ನಾಲ್ಕು ಹೆಸರುಗಳೂ, ಬರಿದೆ ವ್ಯಾಪಾರ ಮಾಡಿದ ಕಡೆ ಎರಡೂ ಉಳಿದಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಈ ಕಡಲಿನ ಚರಿತ್ರೆ ಅದಕ್ಕೆ ಅನುಗುಣವಾಗಿಯೇ ಇದೆ. 1502ರಲ್ಲಿ ವಾಸ್ಕೋ ಡ ಗಾಮನ ನೌಕೆಗಳು ಭಟ್ಕಳವನ್ನು ಬೆದರಿಸಿ ಕಪ್ಪ ಕೇಳಿದುವು. ಹೊನ್ನಾವರದಲ್ಲಿ 1568–69ರ ಸುಮಾರಿಗೆ ಪೋರ್ತುಗೀಸರ ಕೋಟೆ ಎದ್ದಿತು. ಕೆಳದಿಯ ಶಿವಪ್ಪ ನಾಯಕನು 1650ರ ದಶಕದಲ್ಲಿ ಅವರನ್ನು ಹೊರದೂಡಿದ. ಡಚ್ಚರು 1637ರಲ್ಲಿಯೇ ವೆಂಗುರ್ಲೆಯಲ್ಲಿ ನೆಲೆಯೂರಿ, 1663ರಲ್ಲಿ ಕೊಚ್ಚಿಯನ್ನು ಹಿಡಿದರು. ಈ ಎರಡು ನೆಲೆಗಳ ನಡುವೆ ಮೆಣಸು ಅಕ್ಕಿಗಳಿಗಾಗಿ ಓಡಾಡಿದ ಹಡಗುಗಳ ದಾರಿ ನಮ್ಮ ಈ ಮೂರು ಬಂದರುಗಳ ಮುಂದೆಯೇ. ನಾವಿಕನ ಜೇಬಿನ ಕಟ್ಟು ದಡಕ್ಕಿಳಿಯಲು ರಾಜಾಜ್ಞೆ ಬೇಕಿರಲಿಲ್ಲ.

ಆಟದ ರಚನೆಯೂ ಇದೇ ದಿಕ್ಕನ್ನು ತೋರಿಸುತ್ತದೆ. ಇಪ್ಪತ್ತೆಂಟರಲ್ಲಿ ಏಳರಿಂದ ಮೇಲಿನ 32 ಎಲೆಗಳಷ್ಟೇ ಬಳಕೆ. ನಾಲ್ವರು, ಎದುರುಬದುರು ಕುಳಿತವರು ಜೋಡಿ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಬಣ್ಣಕ್ಕೆ 7ರಂತೆ ಒಟ್ಟು 28. ರಾಜ ರಾಣಿಯರಿಗೆ ಸೊನ್ನೆ. ಗುಲಾಮನು ರಾಜನನ್ನು ಹೊಡೆಯುವ, ಒಂಬತ್ತು ಎಕ್ಕವನ್ನು ಮೀರಿಸುವ ಈ ವಿಚಿತ್ರ ಕ್ರಮ ಆಂಗ್ಲರ ವ್ಹಿಸ್ಟಿನಲ್ಲಿಲ್ಲ, ಬ್ರಿಜ್ಜಿನಲ್ಲಿಯೂ ಇಲ್ಲ. ಡಚ್ಚರ ‘ಕ್ಲಾವರ್‌ಯಾಸ್’ ಆಟದಲ್ಲಿ ತುರುಪಿನ ಗುಲಾಮನಿಗೆ 20, ತುರುಪಿನ ಒಂಬತ್ತಕ್ಕೆ 14, ಎಕ್ಕಕ್ಕೆ 11, ಹತ್ತಕ್ಕೆ 10. ಸಿಂಹಳದ್ವೀಪದಲ್ಲಿ ಇದರದೇ ದಾಯಾದಿಯಾದ ಆಟಕ್ಕೆ 304 ಎಂದು ಹೆಸರು. ಅಲ್ಲಿಯೂ ಗುಲಾಮನೇ ಮೊದಲು, ಒಂಬತ್ತು ಎರಡನೆಯದು. ಯುರೋಪಿನ ಈ ಕುಲದ ಆಟಗಳು ಡಚ್ಚರ ನಾಡಿನಲ್ಲಿ ಹುಟ್ಟಿದುವೆಂಬುದು, ಅವರ ವರ್ತಕರೊಡನೆ ಭಾರತಕ್ಕೆ ಬಂದಿರಬೇಕೆಂಬುದು ಆಟಗಳ ಚರಿತ್ರಕಾರರ ಅಭಿಪ್ರಾಯ. ಗುಲಾಮನೆಂಬ ಹೆಸರು ಮಾತ್ರ ಅರಬ್ಬಿಯದು. ಅದು ಕಡಲಿನಿಂದ ಬಂದುದಲ್ಲ, ಫಾರಸಿ ಉರ್ದುಗಳ ಮೂಲಕ ಘಟ್ಟದ ಮೇಲಣಿಂದ ಇಳಿದುದು.