ಸೆರಗಿನ ಫೋಟೋ ಎಲ್ಲಿ ಹೋತು?

ಮೊನ್ನೆ ಬಾದಾಮಿಯಿಂದ ನನ್ನ ತಂಗಿ ವಾಟ್ಸಾಪಿನ್ಯಾಗ ಹದಿನೆಂಟು ಸೀರಿ ಫೋಟೋ ಕಳಿಸಿ, "ಅಕ್ಕಾ, ಬನಶಂಕರಿ ಜಾತ್ರಿಗೆ ಯಾವ್ದು ಉಡ್ಲಿ?" ಅಂತ ಕೇಳಿದ್ಲು. ಒಲಿ ಮುಂದ ರೊಟ್ಟಿ ಬಡ್ಕೋತ ಆರಿಸಿ ಹೇಳಿದೆ. ಹೇಳಿದ ಮ್ಯಾಲೆ 2008ರ ನಮ್ಮ ಮನಿ ಫಜೀತಿ ನೆನಪಾತು.

ಆಗ ಇಳಕಲ್ಲಿನ ನಮ್ಮ ಮನ್ಯಾಗ ಮಗ್ಗ ಇತ್ತು. ನಮ್ಮ ಅತ್ತಿಯವರದು ಕೊಂಡಿ ಕೂಡ್ಸೂದ್ರಾಗ ಎತ್ತಿದ ಕೈ. ಒಡಲಿನ ನೂಲಿಗೂ ಸೆರಗಿನ ರೇಷ್ಮಿಗೂ ಎಳಿ ಎಳಿ ಹಿಡಿದು ಜೋಡಿಸಬೇಕು, ಕಣ್ಣು ಹೋಗೂ ಕೆಲಸ. ಪುಣೆಯೊಳಗಿನ ನಮ್ಮ ನಾದಿನಿ ಫೋನ್ ಮಾಡಿ, "ಬೀಗರು ಆರು ಸೀರಿ ತಗೋತಾರಂತ, ಮೊದಲು ತೋಪ ತೆನಿ ಸೆರಗು ನೋಡ್ಬೇಕಂತ, ಫೋಟೋ ಕಳಿಸ್ರಿ" ಅಂದ್ಲು. ಸಾವಕಾರರ ಕೈಗೆ ಹೋಗದ ನೇರ ಮಾರೂದು ನಮಗ ಅದೇ ಮೊದಲು.

ಮಗನ ಕಡೆ ಕ್ಯಾಮೆರಾ ಫೋನ್ ಇತ್ತು. ಫೋಟೋ ಹೊಡದ, ಎಂಎಂಎಸ್ ಮಾಡಿದ, ಹೋಗ್ಲಿಲ್ಲ. ಸೆಟ್ಟಿಂಗ್ಸ್ ಇಲ್ಲಂತ! ಹುನಗುಂದದ ಒಂದು ಮೊಬೈಲ್ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬಂದ. ಮತ್ತ ಕಳಿಸಿದ. ಎಸ್ಸೆಮ್ಮೆಸ್ಸಿಗಿಂತ ಎಷ್ಟೋ ಪಟ್ಟು ಹೆಚ್ಚು ರೊಕ್ಕ ಕಟ್ಟಾತು. ಆದ್ರ ನಾದಿನಿ ಫೋನಿಗೆ ಬಂದಿದ್ದು ಫೋಟೋ ಅಲ್ಲ, ಒಂದು ಇಂಟರ್ನೆಟ್ ವಿಳಾಸ, ಒಂದು ನಂಬರು. ಆಕಿ ಅದನ್ನ ಎಲ್ಲಿ ತಗದು ನೋಡಬೇಕು? ಅಷ್ಟರಾಗ ಬೀಗರು ಪುಣೆ ಅಂಗಡ್ಯಾಗ ಜವಳಿ ತಗೊಂಡು ಮುಗಿಸಿದ್ರು. ನಮ್ಮ ಸೀರಿ ಕಮ್ಮಿ ರೇಟಿಗೆ ಸಾವಕಾರರಿಗೇ ಹೋದೂವು. ಅತ್ತಿಯವರು, "ರೊಕ್ಕ ಅಂತೂ ತಗೊಂಡ್ರು, ಫೋಟೋ ಎಲ್ಲಿ ಹೋತವಾ?" ಅಂತ ಕೇಳಿದ್ರು. ನಾ ಏನ ಹೇಳ್ಲಿ?

ಬಾಗಲಕೋಟಿಯೊಳಗ ಕಂಪ್ಯೂಟರ್ ಓದಿದ ಅಣ್ಣನ ಮಗ ಆಮ್ಯಾಲೆ ತಿಳಿಸಿ ಹೇಳಿದ. ಎಂಎಂಎಸ್ ಫೋನಿನಿಂದ ಫೋನಿಗೆ ಹೋಗೂದಿಲ್ಲಂತ. ಮೊದಲು ನಮ್ಮ ಕಂಪನಿ ಕೇಂದ್ರದಾಗ ಇಳೀತೈತಿ. ಅಲ್ಲಿಂದ ಅವರ ಕಂಪನಿ ಕೇಂದ್ರಕ್ಕ. ಆಮ್ಯಾಲೆ ಅವರ ಫೋನಿಗೆ "ನಿಮಗ ಬಂದೈತಿ, ಒಯ್ರಿ" ಅಂತ ಒಂದು ಸಣ್ಣ ಸೂಚನಾ. ಅಂಚಿ ಆಫೀಸಿನ್ಯಾಗ ಪಾರ್ಸಲ್ ಬಂದೈತಿ ಅಂತ ಚೀಟಿ ಬಂದಂಗ. ಆ ಫೋನು ಡೇಟಾ ತಗದು ತಾನೇ ಇಳಿಸ್ಕೋಬೇಕು. ಅದಕ್ಕ ಆ ಶಕ್ತಿ ಇಲ್ಲಂದ್ರ ಬರೇ ವಿಳಾಸ ಬರ್ತೈತಿ. ಎರಡು ಕಂಪನಿ ನಡುವ ಒಪ್ಪಂದ ಬೇಕು, ರೊಕ್ಕ ಹಂಚ್ಕೋಬೇಕು. ಒಂದೊಂದು ಫೋನಿನ ಪರದೆ ಒಂದೊಂದು ಅಳತಿ, ಅದಕ್ಕ ಕೇಂದ್ರದಾಗ ಫೋಟೋನ ಕುಗ್ಗಸ್ತಾರ. ಬಹಳ ಕಡೆ 300 ಕೆಬಿ ದಾಟಂಗಿದ್ದಿಲ್ಲ. ತೆನಿ ಹೆಂಗ ಕಾಣ್ಬೇಕ್ರಿ?

ನಮ್ಮದಷ್ಟೇ ಹಿಂಗ ಅಂತಲ್ಲ. ಯುರೋಪಿನ್ಯಾಗ ಎಂಎಂಎಸ್ 2002ರಾಗ ಮಾರಾಟಕ್ಕ ಬಂದಿತ್ತು. ಆದ್ರ 2007ರ ಮೊದಲ ಐಫೋನಿನ್ಯಾಗ ಅದು ಇದ್ದೇ ಇಲ್ಲ! ಅಷ್ಟು ತುಟ್ಟಿ ಫೋನು, ಎಂಎಂಎಸ್ಸಿನ್ಯಾಗ ಫೋಟೋ ಕಳಿಸಾಕ ಬರೂದಿಲ್ಲ. 2009ರ ಜೂನಿನ್ಯಾಗ ಆ್ಯಪಲ್ ಕೊಡ್ತು. ಅಮೆರಿಕಾದ ಎಟಿ ಅಂಡ್ ಟಿ ಕಂಪನಿ ಮಾತ್ರ ಸೆಪ್ಟೆಂಬರ್ 25ರ ತನಕ ಚಾಲೂ ಮಾಡ್ಲಿಲ್ಲ, ತನ್ನ ನೆಟ್‌ವರ್ಕಿನ ಮ್ಯಾಲೆ ಭಾರ ಬೀಳ್ತೈತಿ ಅಂತ.

ನಮ್ಮ ದೇಶದಾಗ ಇನ್ನೊಂದು ಪೀಡಾ. 2004ರ ದಿಲ್ಲಿ ಶಾಲಿ ಪ್ರಕರಣ ಆದ ಮ್ಯಾಲೆ ಎಂಎಂಎಸ್ ಅನ್ನೂ ಶಬ್ದನೇ ಹೊಲಸಾತು. ಸೀರಿ ಫೋಟೋ ಎಂಎಂಎಸ್ ಮಾಡೂನು ಅಂದಾಗ ನಮ್ಮ ಮನಿಯವರೂ ಮಾರಿ ಗಂಟ ಹಾಕಿದ್ರು. ಮುಂದ 2012ರ ಆಗಸ್ಟಿನ್ಯಾಗ, ಗಾಳಿಸುದ್ದಿಗೆ ಅಂಜಿ ಈಶಾನ್ಯದ ಮಂದಿ ಬೆಂಗಳೂರಿನಿಂದ ರೈಲು ಹತ್ತಿ ಹೊಂಟಾಗ, ಸರಕಾರ ಹದಿನೈದು ದಿನ ಗುಂಪಿಗೆ ಕಳಿಸೂ ಎಸ್ಸೆಮ್ಮೆಸ್ಸು, ಎಂಎಂಎಸ್ಸಿಗೆ ತಡಿ ಹಾಕ್ತು.

2009ರಾಗ ಶುರುವಾದ ವಾಟ್ಸಾಪಿಗೆ ಈ ಕಂಪನಿ-ಕಂಪನಿ ಒಪ್ಪಂದದ ಹಂಗಿಲ್ಲ. ಎರಡೂ ಕಡೆ ಇಂಟರ್ನೆಟ್ ಇದ್ರ ಸಾಕು, ಒಂದೊಂದು ಫೋಟೋಕ್ಕ ಬ್ಯಾರೆ ರೊಕ್ಕಿಲ್ಲ. 2014ರಾಗ ಫೇಸ್‌ಬುಕ್ಕು ಅದನ್ನ 19 ಬಿಲಿಯನ್ ಡಾಲರಿಗೆ ಕೊಳ್ಳೂದಾಗಿ ಹೇಳ್ತು. 2016ರಾಗ ಜಿಯೋ ಬಂದು ಡೇಟಾ ಸೋವಿ ಆದ ಮ್ಯಾಲೆ ನಮ್ಮ ಓಣಿ ಹೆಣ್ಮಕ್ಕಳ ಕೈಗೂ ಬಂತು. ಈಗ ನೇಕಾರರ ಮನಿ ಹುಡುಗ್ಯಾರು ಮಗ್ಗದ ಮ್ಯಾಲಿನ ಸೆರಗು ತಗದು ಕಳಸ್ತಾರ. ಬಣ್ಣ ಮಾತ್ರ ಇನ್ನೂ ಮೋಸ ಮಾಡ್ತೈತಿ. ಗಿರಿ ಕುಂಕುಮ ಬಣ್ಣ ಒಬ್ಬರ ಫೋನಿನ್ಯಾಗ ಒಂದು ನಮೂನಿ, ಇನ್ನೊಬ್ಬರ ಫೋನಿನ್ಯಾಗ ಇನ್ನೊಂದು.

ಆ ಆರರಾಗ ಒಂದು ಸೀರಿ ಅತ್ತಿಯವರು ಕೊಟ್ಟಿದ್ದಿಲ್ಲ. ಅವರು ಹೋದ ಮ್ಯಾಲೂ ಟ್ರಂಕಿನ್ಯಾಗ ಐತಿ. ನಿನ್ನೆ ಬಿಸಲಿಗೆ ಹಾಕಿದಾಗ ಫೋಟೋ ಹೊಡದು ನಾದಿನಿಗೆ ಕಳಿಸಿದೆ. "ವೈನಿ, ಇದು ಮಾರೂದೈತೇನು?" ಅಂತ ಕೇಳಿದ್ಲು. ಇಲ್ಲ ಅಂತ ಬರದೆ.