ಗೋ-ಕಾರ್ಟ್ ಪಂದ್ಯಗಳ ಆದಿಪರ್ವ

ಮಹಾಯಂತ್ರಗಳ ಚರಿತ್ರೆಯನ್ನು ಬರೆಯುವವರು ಬಹುಮಂದಿ. ಕ್ಷುದ್ರಯಂತ್ರಗಳಿಗೂ ಒಂದು ಚರಿತ್ರೆಯುಂಟೆಂಬುದನ್ನು ನೆನೆಯುವವರು ವಿರಳ. ಇಂದು ಫಾರ್ಮುಲಾ ಒನ್ ಪಂದ್ಯಗಳಲ್ಲಿ ಕಾರು ಓಡಿಸುವವರಲ್ಲಿ ಬಹುತೇಕ ಎಲ್ಲರೂ ಬಾಲ್ಯದಲ್ಲಿ ಈ ವಿದ್ಯೆಯ ಓನಾಮವನ್ನು ಕಲಿತದ್ದು ಗೋ-ಕಾರ್ಟ್ ಎಂಬ ಪುಟ್ಟ ಗಾಡಿಯ ಮೇಲೆ. ಅದಕ್ಕಾಗಿ ಅವರ ಕುಟುಂಬಗಳು ವ್ಯಯಮಾಡುವ ಹಣವೂ ಅಲ್ಪವಲ್ಲ. ಆದರೆ ಈ ಗಾಡಿ ಹುಟ್ಟಿದ್ದು ಸಿರಿವಂತರ ಅಂಗಳದಲ್ಲಲ್ಲ. ಮಾರಾಟವಾಗದೆ ಉಳಿದ ಸರಕಿನಿಂದ, ದುಡಿಯುವ ಜನರ ಬಿಡುವಿನ ವೇಳೆಯಲ್ಲಿ, ಪರರ ಬಯಲಿನಲ್ಲಿ. ಮೊದಲ ಎರಡು ದಶಕಗಳ ವೃತ್ತಾಂತವನ್ನು ಪರಿಶೀಲಿಸಿದರೆ, ಅಗ್ಗವಾಗಿದ್ದುದೇ ಈ ಕ್ರೀಡೆಯ ಪ್ರಧಾನ ಬಲವಾಗಿತ್ತೆಂಬುದು ಗೋಚರವಾಗುತ್ತದೆ.

ಕ್ಯಾಲಿಫೋರ್ನಿಯದ ಗ್ಲೆಂಡೇಲ್ ನಗರದಲ್ಲಿ ಕರ್ಟಿಸ್ ಕ್ರಾಫ್ಟ್ ಎಂಬ ಕಾರ್ಖಾನೆಯಿತ್ತು. ಇಂಡಿಯಾನಾಪೊಲಿಸ್‌ನ ೫೦೦ ಮೈಲಿಯ ಪಂದ್ಯವನ್ನು ೧೯೫೦ರ ದಶಕದ ಪೂರ್ವಾರ್ಧದಲ್ಲಿ ಹಲವು ಬಾರಿ ಗೆದ್ದ ಕಾರುಗಳು ಸಿದ್ಧವಾದದ್ದು ಅಲ್ಲಿಯೇ. ಆ ಕಾರ್ಖಾನೆಯ ಕುಶಲಕರ್ಮಿ ಆರ್ಟ್ ಇಂಗಲ್ಸ್ ೧೯೫೬ರಲ್ಲಿ ತನ್ನ ಗೆಳೆಯ ಲೂ ಬೊರೆಲ್ಲಿಯ ನೆರವಿನಿಂದ ಉಕ್ಕಿನ ಕೊಳವೆಗಳನ್ನು ಬೆಸೆದು ಒಂದು ಚೌಕಟ್ಟನ್ನು ಮಾಡಿ, ಅದಕ್ಕೆ ನಾಲ್ಕು ಸಣ್ಣ ಚಕ್ರಗಳನ್ನು ಜೋಡಿಸಿದನು. ಆಸನದ ಹಿಂದೆ ಕೂರಿಸಿದ್ದು, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿ ಉಳಿದುಹೋಗಿದ್ದ ವೆಸ್ಟ್ ಬೆಂಡ್ ಕಂಪೆನಿಯ ಎಂಜಿನು. ಅದರ ಬಲ ಕೇವಲ ಎರಡೂವರೆ ಅಶ್ವಶಕ್ತಿ. ಇಂಗಲ್ಸ್‌ನಾದರೋ ಸ್ಥೂಲಕಾಯನು, ಸುಮಾರು ೯೫ ಕಿಲೋ ತೂಕದವನು. ಇಂಥ ಸವಾರನನ್ನು ಹೊತ್ತೊಯ್ಯಲು ಆ ಎಂಜಿನು ಏದುಸಿರು ಬಿಟ್ಟಿತು. ಬೊರೆಲ್ಲಿ ಅದನ್ನು ತಿದ್ದಿ ಚುರುಕುಗೊಳಿಸಿದನು. ಅದೇ ವರ್ಷ ಪೊಮೋನಾದ ಕಾರು ಪಂದ್ಯಕ್ಕೆ ಈ ಗಾಡಿಯನ್ನು ಒಯ್ದಾಗ, ನೆರೆದವರ ಕಣ್ಣುಗಳು ದೊಡ್ಡ ಕಾರುಗಳನ್ನು ಬಿಟ್ಟು ಇದರ ಕಡೆಗೆ ತಿರುಗಿದವು.

ಈ ಆಕರ್ಷಣೆಗೆ ಕಾರಣವಿಲ್ಲದಿಲ್ಲ. ಕಾರ್ಟ್‌ನಲ್ಲಿ ಕುಳಿತವನು ನೆಲದಿಂದ ಕೆಲವೇ ಅಂಗುಲಗಳ ಮೇಲಿರುತ್ತಾನೆ. ಆದ್ದರಿಂದ ಗಂಟೆಗೆ ೩೦ ಮೈಲಿಯ ವೇಗವೂ ಅವನಿಗೆ ಅದರ ಇಮ್ಮಡಿಯಾಗಿ ತೋರುತ್ತದೆ. ಗಾಡಿಗೆ ಸ್ಪ್ರಿಂಗುಗಳಿಲ್ಲ. ಸಾಮಾನ್ಯ ಕಾರು ತಿರುವಿನಲ್ಲಿ ಹೊರಳುವಾಗ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಅದನ್ನು ಸರಿದೂಗಿಸಲು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡುಂಟು. ಮುಂದೆ ರೂಢಿಗೆ ಬಂದ ಕಾರ್ಟ್‌ಗಳಲ್ಲಿ ಅದೂ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿಯಲ್ಪಟ್ಟಿರುತ್ತವೆ. ಆದಕಾರಣ ತಿರುವಿನಲ್ಲಿ ಚೌಕಟ್ಟೇ ತುಸು ಬಳುಕಿ ಒಳಬದಿಯ ಹಿಂಚಕ್ರವನ್ನು ನೆಲದಿಂದ ಎತ್ತಬೇಕು. ಆ ಬಳುಕನ್ನು ಅರಿತು ಗಾಡಿಯನ್ನು ನಡೆಸುವುದೇ ಕಾರ್ಟ್ ವಿದ್ಯೆ. ಯಂತ್ರದಲ್ಲಿ ಇಲ್ಲದ್ದನ್ನು ಮನುಷ್ಯನ ಮೈಯೂ ಕೈಯೂ ತುಂಬಿಕೊಡಬೇಕಾಯಿತು.

ಮಾನ್‌ರೋವಿಯ ಎಂಬ ಊರಿನಲ್ಲಿ ಮೋಟಾರುಗಳ ಸೈಲೆನ್ಸರ್ ಅಂಗಡಿ ನಡೆಸುತ್ತಿದ್ದ ಡಫಿ ಲಿವಿಂಗ್‌ಸ್ಟನ್ ಮತ್ತು ರಾಯ್ ಡೆಸ್‌ಬ್ರೋ ತಮಗೂ ಇಂಥ ಗಾಡಿಗಳನ್ನು ಕಟ್ಟಿಕೊಂಡರು. ಪಸಾಡೇನಾದ ರೋಸ್ ಬೌಲ್ ಕ್ರೀಡಾಂಗಣದ ಹೊರಗೆ ವಾಹನಗಳನ್ನು ನಿಲ್ಲಿಸುವ ವಿಶಾಲವಾದ ಬಯಲೇ ೧೯೫೭ರಲ್ಲಿ ಅವರ ಪಂದ್ಯಭೂಮಿಯಾಯಿತು. ಜನ ಹೆಚ್ಚಿದಂತೆ ಸದ್ದೂ ಹೆಚ್ಚಿ, ಅಲ್ಲಿಂದ ಅವರನ್ನು ಎಬ್ಬಿಸಲಾಯಿತು. ಆಟವು ವೆಸ್ಟ್ ಕೊವಿನಾದ ಒಂದು ಅಂಗಡಿ ಸಂಕೀರ್ಣದ ಬಯಲಿಗೆ ವಲಸೆಹೋಯಿತು. ‘ಗೋ ಕಾರ್ಟ್’ ಎಂಬ ಹೆಸರನ್ನು ಕೊಟ್ಟ ಕೀರ್ತಿ ಲಿನ್ ವೈನ್‌ಲ್ಯಾಂಡ್ ಎಂಬ ಪತ್ರಿಕಾ ಕಲಾವಿದನಿಗೆ ಸಲ್ಲುತ್ತದೆ. ಅದೇ ವರ್ಷಾಂತ್ಯದಲ್ಲಿ ಆಟಗಾರರ ಸಂಘವೊಂದು ಸ್ಥಾಪಿತವಾಗಿ, ನಿಯಮಗಳು ಲಿಖಿತರೂಪಕ್ಕೆ ಬಂದವು.

ಇದಾದ ಮೇಲೆ ವ್ಯಾಪಾರವು ಪ್ರವೇಶಿಸಿತು. ಲಿವಿಂಗ್‌ಸ್ಟನ್, ಡೆಸ್‌ಬ್ರೋ ಮತ್ತು ಬಿಲ್ ರೋಲ್ಸ್ ಸೇರಿ ೧೯೫೮ರಲ್ಲಿ ಅಜೂಸಾ ಎಂಬಲ್ಲಿ ಗೋ ಕಾರ್ಟ್ ತಯಾರಿಕೆಯ ಕಂಪೆನಿಯನ್ನು ತೆರೆದು, ಬಿಡಿಭಾಗಗಳ ಪೆಟ್ಟಿಗೆಗಳನ್ನು ಕೊಳ್ಳುವವರಿಗೆ ಕಳುಹಿಸತೊಡಗಿದರು. ಮನೆಯ ಷೆಡ್ಡಿನಲ್ಲೇ ಗಾಡಿ ಜೋಡಿಸಿಕೊಳ್ಳಬಹುದಾಗಿತ್ತು. ಮರ ಕೊಯ್ಯುವ ಗರಗಸ ಯಂತ್ರಗಳಿಗೆ ಹೆಸರಾದ ಮೆಕ್‌ಕಲಕ್ ಸಂಸ್ಥೆಯು ೧೯೫೯ರಲ್ಲಿ ತನ್ನ ಎಂಜಿನನ್ನು ಮಾರ್ಪಡಿಸಿ ಕಾರ್ಟ್‌ಗೆಂದೇ ಮಾರಾಟಕ್ಕಿಟ್ಟಿತು. ಕೊಳವೆ ಬೆಸೆಯಬಲ್ಲ ಯಾರಾದರೂ ತಯಾರಕರಾಗಬಹುದಾಗಿದ್ದುದರಿಂದ ನೂರಾರು ಸ್ಪರ್ಧಿಗಳು ಹುಟ್ಟಿಕೊಂಡರು. ಹುಚ್ಚು ಇಳಿದೊಡನೆ ಬಹುಪಾಲು ಮಂದಿ ಕಣ್ಮರೆಯಾದರು. ಹೆಸರು ಕೊಟ್ಟ ಮೂಲ ಕಂಪೆನಿಯೇ ೧೯೬೦ರ ದಶಕದ ಆರಂಭದಲ್ಲಿ ದಿವಾಳಿಯೆದ್ದಿತು. ಅಗ್ಗವಾಗಿದ್ದುದು ಆಟಕ್ಕೆ ವರವೂ ವ್ಯಾಪಾರಿಗೆ ಶಾಪವೂ ಆದ ಪ್ರಸಂಗವಿದು.

ಆದರೆ ಅಷ್ಟರಲ್ಲಿ ಕ್ರೀಡೆಯು ಸಮುದ್ರವನ್ನು ದಾಟಿಯಾಗಿತ್ತು. ಬ್ರಿಟನ್ನಿನ ನೆಲೆಗಳಲ್ಲಿದ್ದ ಅಮೆರಿಕದ ವಾಯುಸೈನಿಕರು ಅದನ್ನು ಅಲ್ಲಿಗೆ ಒಯ್ದರು. ಯುದ್ಧಾನಂತರ ಬರಿದಾಗಿ ಬಿದ್ದಿದ್ದ ವಿಮಾನದಾರಿಗಳು ಪಂದ್ಯಕ್ಕೆ ಸಿದ್ಧಭೂಮಿಯಾಗಿ ಒದಗಿದವು. ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್ಬು ೧೯೫೯ರಲ್ಲಿ ಮಾನ್ಯತೆ ನೀಡಿತು. ಮೋಟಾರ್ ಸೈಕಲ್ಲುಗಳ ವಿಲಿಯರ್ಸ್ ಎಂಜಿನನ್ನು ಗೇರು ಸಮೇತ ಜೋಡಿಸಿದ ಭಾರಿ ಕಾರ್ಟ್‌ಗಳು ಬ್ರಿಟಿಷರ ವೈಶಿಷ್ಟ್ಯವಾದವು. ಇಟಲಿಯವರಾದರೋ ಇದನ್ನು ಸೂಕ್ಷ್ಮಶಿಲ್ಪದ ಮಟ್ಟಕ್ಕೆ ಏರಿಸಿದರು. ೧೯೬೨ರಲ್ಲಿ ಅಂತರರಾಷ್ಟ್ರೀಯ ಆಯೋಗವು ರಚಿತವಾಗಿ, ಫ್ರಾನ್ಸಿನ ಜಾನ್ ಮರಿ ಬಾಲೆಸ್ತರ್ ಅದರ ಅಧ್ಯಕ್ಷನಾದನು. ೧೯೬೪ರಲ್ಲಿ ರೋಮ್ ಬಳಿಯ ಪಿಸ್ತಾ ದೋರೊದಲ್ಲಿ ನಡೆದ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ಪನ್ನು ಇಟಲಿಯ ಗ್ವಿದೊ ಸಾಲಾ ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡನು.

೧೯೬೬ರ ಫಲಿತಾಂಶವು ವಿಶೇಷವಾಗಿ ವಿಚಾರಾರ್ಹವಾದುದು. ಆ ವರ್ಷ ವಿಶ್ವಪದವಿಯನ್ನು ಗಳಿಸಿದವಳು ಸುಸಾನ್ನಾ ರಾಗನೆಲ್ಲಿ ಎಂಬ ಇಟಲಿಯ ತರುಣಿ. ಸ್ತ್ರೀಯರಿಗೆಂದು ಪ್ರತ್ಯೇಕವಾಗಿ ಏರ್ಪಡಿಸಿದ ಪಂದ್ಯವಲ್ಲ ಅದು. ಮುಂದೆ ಫಾರ್ಮುಲಾ ಒನ್‌ನಲ್ಲಿ ಪ್ರಖ್ಯಾತನಾದ ಸ್ವೀಡನ್ನಿನ ರೋನಿ ಪೀಟರ್‌ಸನ್ ಅವಳ ಹಿಂದೆ ಬಿದ್ದವರಲ್ಲೊಬ್ಬನು. ಮೋಟಾರು ಪಂದ್ಯಗಳಲ್ಲಿ ವಿಶ್ವಪದವಿ ಪಡೆದ ಮೊದಲ ಮಹಿಳೆಯೆಂದು ಆಕೆ ಗಣಿಸಲ್ಪಡುತ್ತಾಳೆ. ಆದರೂ ಅದೇ ಪಂದ್ಯದಲ್ಲಿ ಸೋತ ಪೀಟರ್‌ಸನ್‌ನ ಹೆಸರನ್ನು ಬಲ್ಲವರಲ್ಲಿ ಅವಳ ಹೆಸರನ್ನು ಬಲ್ಲವರೆಷ್ಟು ಮಂದಿ? ದೊಡ್ಡ ಕಾರಿನ ಲೋಕವು ಕಾರ್ಟ್‌ನ ಗೆಲುವನ್ನು ಬಾಲಲೀಲೆಯೆಂದೇ ಎಣಿಸಿತು. ಅಲ್ಲಿನ ಸಮಾನತೆಯನ್ನು ತಾನು ಅನುಸರಿಸಲಿಲ್ಲ.

ಅಮೆರಿಕದಲ್ಲಿ ಹುಟ್ಟಿದ ಕ್ರೀಡೆಯ ವಿಶ್ವಪದವಿಯು ಅಮೆರಿಕದವನಿಗೆ ಮೊದಲು ದೊರೆತದ್ದು ೧೯೭೮ರಲ್ಲಿ, ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ. ಗೆದ್ದವನು ಲೇಕ್ ಸ್ಪೀಡ್. ಅಲ್ಲಿ ಆರನೆಯವನಾಗಿ ಬಂದ ಬ್ರೆಜಿಲ್ಲಿನ ಯುವಕ ಅಯರ್ಟನ್ ಸೆನ್ನಾ ಆಮೇಲೆ ಫಾರ್ಮುಲಾ ಒನ್ ವಿಶ್ವಪದವಿಯನ್ನು ಮೂರು ಬಾರಿ ಪಡೆದರೂ ಕಾರ್ಟ್ ವಿಶ್ವಪದವಿ ಅವನ ಕೈಗೆ ಸಿಗಲೇ ಇಲ್ಲ. ತಾನು ಎದುರಿಸಿದವರಲ್ಲಿ ಶ್ರೇಷ್ಠನಾರೆಂದು ೧೯೯೩ರಲ್ಲಿ ಅಡಿಲೇಡ್‌ನಲ್ಲಿ ಕೇಳಿದಾಗ, ಅವನು ತೆಗೆದುಕೊಂಡ ಹೆಸರು ೧೯೭೩ರ ಕಾರ್ಟ್ ವಿಶ್ವವಿಜೇತ ಟೆರಿ ಫುಲ್ಲರ್ಟನ್‌ನದು. ಅಂದಿನ ಪಂದ್ಯಗಳಲ್ಲಿ ರಾಜಕೀಯವಿರಲಿಲ್ಲ, ಹಣವಿರಲಿಲ್ಲ ಎಂಬುದು ಅವನು ನೀಡಿದ ಕಾರಣ.

ಈ ಮಾತನ್ನು ಹಾಗೆಯೇ ಅಂಗೀಕರಿಸುವಂತಿಲ್ಲ. ಸೆನ್ನಾ ಶ್ರೀಮಂತ ಮನೆತನದವನು. ಆ ವೇಳೆಗೆ ಇಟಲಿಯ ಕಾರ್ಖಾನೆಗಳು ಪಂದ್ಯಗಾರರನ್ನು ಪೋಷಿಸತೊಡಗಿದ್ದವು. ಆದರೂ ಹೋಲಿಕೆಯಿಂದ ಅದು ಸತ್ಯ. ಫುಲ್ಲರ್ಟನ್ ದೊಡ್ಡ ಕಾರುಗಳತ್ತ ಹೋಗದೆ ಕಾರ್ಟ್‌ನಲ್ಲೇ ಉಳಿದನು. ಅವನಿಗೆ ಅದು ಮೆಟ್ಟಿಲಾಗಿರಲಿಲ್ಲ, ಮನೆಯಾಗಿತ್ತು. ಇಂಗಲ್ಸ್ ಕಟ್ಟಿದ್ದೂ ಮೆಟ್ಟಿಲನ್ನಲ್ಲ. ಎರಡೂವರೆ ಅಶ್ವಶಕ್ತಿಯ ಆ ಗಾಡಿಯನ್ನು ಅವನು ಕಟ್ಟಿದ್ದು ಮುಂದೆಲ್ಲಿಗೋ ಹೋಗುವುದಕ್ಕಲ್ಲ, ರಜೆಯ ದಿನ ಗೆಳೆಯರೊಡನೆ ಓಡಿಸುವುದಕ್ಕೆ.